ಕಾಳಿ ನದಿಯ ಜೊತೆ ಇಳಿಯಿರಿ: ಅಣಶಿ ಕಾಡಿನಿಂದ ಕಾರವಾರದ ಕಡಲಿಗೆ

ಪ್ರಶ್ನೆ: ನಾವು ಗದಗದವರು. ಮನೆಯಲ್ಲಿ ಆರು ಜನ. ಅಪ್ಪ-ಅಮ್ಮ ಎಪ್ಪತ್ತರ ಹತ್ತಿರ ಇದ್ದಾರೆ. ಮಗಳಿಗೆ 14, ಮಗನಿಗೆ 9. ಕಾಡು, ಕೋಟೆ, ಸಮುದ್ರ ಮೂರೂ ಒಂದೇ ಪ್ರವಾಸದಲ್ಲಿ ಆಗಬೇಕು ಅಂತ ಮಕ್ಕಳ ಆಸೆ. ಅಣಶಿ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಹಾಗೇ ಕಾರವಾರಕ್ಕೆ ಇಳಿಯೋಣ ಅಂದುಕೊಂಡಿದ್ದೇವೆ. ನಾಲ್ಕು ದಿನ ಸಿಗುತ್ತದೆ. ಜೊತೆಗೆ ಗೋವಾನೂ ಮುಗಿಸಬಹುದಾ? ಯಾವಾಗ ಹೋಗಬೇಕು? ಹುಲಿ ಕಾಣುತ್ತದಾ? ರಾಫ್ಟಿಂಗ್ ಮಾಡಿಸಬಹುದಾ? ಹಿರಿಯರಿಗೆ ಕಷ್ಟ ಆಗುತ್ತದಾ?

ಉತ್ತರ:

ಗೋವಾ ಬಿಡಿ. ಅದನ್ನೂ ಸೇರಿಸಿದರೆ ನಾಲ್ಕು ದಿನದ ಬಹುಪಾಲು ಕಾರಿನಲ್ಲೇ ಕಳೆಯುತ್ತದೆ, ಹಿರಿಯರಿಗೆ ಸುಸ್ತಾಗುತ್ತದೆ. ನೀವು ಆರಿಸಿಕೊಂಡ ಜಾಗಕ್ಕೇ ನಾಲ್ಕು ದಿನ ಬೇಕು. ಅಷ್ಟು ಕೊಟ್ಟರೆ ಮಕ್ಕಳು ಕೇಳಿದ ಮೂರೂ ಸಿಗುತ್ತವೆ.

ಅಣಶಿ ಸಮುದ್ರದ ದಂಡೆಯ ಮೇಲೆ ಇಲ್ಲ. ಅದು ಘಟ್ಟದ ಅಂಚಿನ ಕಾಡು. ಅದರ ಪಶ್ಚಿಮದ ಇಳಿಜಾರು ಕಾರವಾರದ ಕಡೆ ಇಳಿಯುತ್ತದೆ. ಘಟ್ಟ ಇಳಿದು ಕದ್ರಾ ದಾಟಿದರೆ ಕಡಲು ಬಹಳ ದೂರ ಇಲ್ಲ. 1956ರಲ್ಲಿ ದಾಂಡೇಲಿ ಅಭಯಾರಣ್ಯ ಆಯಿತು. 1987ರಲ್ಲಿ ಅಣಶಿಯನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರಿಟ್ಟರು. ಕಾಳಿ ಅಂದರೆ ಅಲ್ಲಿ ಹರಿಯುವ ನದಿ. ಜೋಯಿಡಾ ತಾಲ್ಲೂಕಿನ ಡಿಗ್ಗಿ ಹತ್ತಿರ ಹುಟ್ಟಿ, ಸುಮಾರು 184 ಕಿ.ಮೀ. ಹರಿದು, ಕಾರವಾರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಹುಟ್ಟೋದೂ ಮುಗಿಯೋದೂ ಉತ್ತರ ಕನ್ನಡ ಜಿಲ್ಲೆಯಲ್ಲೇ.

ನಿಮ್ಮ ಪ್ರವಾಸವನ್ನು ಈ ನದಿಗೆ ಕಟ್ಟಿಬಿಡಿ. ದಾಂಡೇಲಿಯಲ್ಲಿ ಅದನ್ನು ಹಿಡಿಯಿರಿ, ಕಾರವಾರದಲ್ಲಿ ಬಿಡಿ. ಕಾಡು ದಟ್ಟವಾಗಿರುವುದು, ರಾಫ್ಟಿಂಗ್ ನಡೆಯುವುದು, ಕೋಟೆ ಕಟ್ಟಿದ್ದು, ಬಂದರು ಬೆಳೆದದ್ದು, ಎಲ್ಲಕ್ಕೂ ಕಾರಣ ನೀರು. ಅಪಾಯ ಇರುವುದೂ ನೀರಿನಲ್ಲೇ. ಗದಗ, ಹಾವೇರಿ, ಹುಬ್ಬಳ್ಳಿಯ ನಮಗೆ ಈ ಪ್ರವಾಸದಲ್ಲಿ ನಿಜವಾಗಿ ಗೊತ್ತಿಲ್ಲದೇ ಇರುವುದು ಅದು. ನಿಮ್ಮೂರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 600 ಮಿ.ಮೀ. ಮಳೆ. ಕಾರವಾರದಲ್ಲಿ 3000 ಮಿ.ಮೀ. ದಾಟುತ್ತದೆ. ಒಂದೇ ದಿನದ ದಾರಿಯಲ್ಲಿ ಇಷ್ಟು ವ್ಯತ್ಯಾಸ. ಹಾಗಾಗಿ ಈ ಉತ್ತರದಲ್ಲಿ ಹುಲಿಗಿಂತ ನೀರಿನ ಮಾತೇ ಜಾಸ್ತಿ ಇರುತ್ತದೆ.

ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರುವರಿ ಒಳಗೆ. ಶಾಲೆ ರಜೆಯಲ್ಲೇ ಹೋಗಬೇಕು ಅಂದರೆ ದಸರಾ ರಜೆಯ ಕೊನೆಯ ಭಾಗ ಪರವಾಗಿಲ್ಲ. ಆಗ ಕಾಡು ಹಸಿರಾಗಿರುತ್ತದೆ, ಹಳ್ಳ ತುಂಬಿರುತ್ತವೆ, ನಡುನಡುವೆ ಮಳೆ ಬರಬಹುದು. ಮೇ ತಿಂಗಳಲ್ಲಿ ಕರಾವಳಿಯ ಸೆಕೆ ನಿಮ್ಮ ಅಪ್ಪ-ಅಮ್ಮನಿಗೆ ತಡೆಯೋದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಬೇಡ. ಆಗ ರಾಫ್ಟಿಂಗ್ ಇಲ್ಲ, ಸಮುದ್ರದಲ್ಲಿ ದೋಣಿ ಇಲ್ಲ, ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಜಾರಿ ಜನ ಸತ್ತರು. ಅದೇ ವರ್ಷ ಆಗಸ್ಟ್ 6 ಮುಗಿದು 7 ಶುರುವಾದ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ಮಳೆಗಾಲದ ಘಟ್ಟ ಚೆಂದ, ಒಪ್ಪುತ್ತೇನೆ. ಆದರೆ ಒಂಬತ್ತು ವರ್ಷದ ಮಗು, ಎಪ್ಪತ್ತರ ಹಿರಿಯರು ಜೊತೆಗಿದ್ದಾಗ ಆ ಚೆಂದ ಬೇಕಿಲ್ಲ.

ದಾರಿ ಹೀಗಿರಲಿ. ಗದಗದಿಂದ ಹುಬ್ಬಳ್ಳಿ, ಧಾರವಾಡ, ಹಳಿಯಾಳ, ದಾಂಡೇಲಿ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ದಾಂಡೇಲಿ ಸೇರುತ್ತೀರಿ. ಧಾರವಾಡ ದಾಟಿದ ಮೇಲೆ ಮಕ್ಕಳಿಗೆ ಹೊರಗೆ ನೋಡಲು ಹೇಳಿ. ಎರೆಭೂಮಿ ಮುಗಿಯುತ್ತದೆ, ಮಣ್ಣು ಕೆಂಪಾಗುತ್ತದೆ, ಹತ್ತಿ-ಜೋಳದ ಜಾಗದಲ್ಲಿ ಭತ್ತದ ಗದ್ದೆ ಬರುತ್ತವೆ. ಹಳಿಯಾಳ ದಾಟಿದರೆ ಸಾಗವಾನಿ ಮರಗಳು. ಎರಡು ರಾತ್ರಿ ದಾಂಡೇಲಿ, ಕುಳಗಿ ಅಥವಾ ಗಣೇಶಗುಡಿಯಲ್ಲಿ ಉಳಿಯಿರಿ. ಮೂರನೆಯ ರಾತ್ರಿ ಕಾರವಾರದಲ್ಲಿ. ದಿನಕ್ಕೊಂದು ಊರು ಬದಲಿಸಬೇಡಿ.

ಈಗ ಹುಲಿಯ ಪ್ರಶ್ನೆ. ಕಾಣುತ್ತದೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಹುಲಿ ಇದೆ, ಕಪ್ಪು ಚಿರತೆಯೂ ಇದೆ. ಆದರೆ ಕಾಣುವುದು ತೀರಾ ಅಪರೂಪ. ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಕೃಷ್ಣಮೃಗದ ಹಿಂಡು ದೂರದಿಂದಲೇ ಕಂಡಿರುತ್ತದೆ. ಅದು ಬಯಲು, ಹುಲ್ಲು, ಕುರುಚಲು. ಇಲ್ಲಿ ಹಾಗಲ್ಲ. ಮಳೆ ಜಾಸ್ತಿ ಬಿದ್ದಷ್ಟೂ ಮರ ದಟ್ಟ. ಮರ ದಟ್ಟವಾದಷ್ಟೂ ನೆಲಕ್ಕೆ ಬಿಸಿಲು ಕಡಿಮೆ, ಹುಲ್ಲು ಕಡಿಮೆ. ಹುಲ್ಲು ಕಡಿಮೆಯಾದರೆ ಜಿಂಕೆ, ಕಾಡುಕೋಣ ಕಡಿಮೆ. ಅವು ಕಡಿಮೆ ಇದ್ದ ಕಡೆ ಹುಲಿಯೂ ಕಡಿಮೆ. ಇದ್ದರೂ ಹತ್ತು ಹೆಜ್ಜೆ ಆಚೆ ಎಲೆಗಳ ಹಿಂದೆ ಇದ್ದುಬಿಡುತ್ತದೆ. ಇದು ಈ ಕಾಡಿನ ಕೊರತೆ ಅಲ್ಲ. ಇದರ ಬದುಕೇ ಹಾಗೆ. ಕಪ್ಪು ಚಿರತೆ ಬೇರೆ ಜಾತಿ ಅಲ್ಲ ಅಂತಲೂ ಮಕ್ಕಳಿಗೆ ಹೇಳಿ. ಮಾಮೂಲಿ ಚಿರತೆಯೇ, ಬಣ್ಣ ಮಾತ್ರ ಕಪ್ಪು. ಬಿಸಿಲು ಬಿದ್ದಾಗ ಅದರ ಮೈಮೇಲೂ ಚುಕ್ಕೆ ಕಾಣುತ್ತವೆ.

ಇಲ್ಲಿ ಕಣ್ಣು ಹಾಯಿಸಬೇಕಾದ್ದು ಮೇಲಕ್ಕೆ. ದಾಂಡೇಲಿ ಮಂಗಟ್ಟೆ ಹಕ್ಕಿಗಳ ಊರು. ಪಶ್ಚಿಮ ಘಟ್ಟದಲ್ಲಿ ಸಿಗುವ ನಾಲ್ಕೂ ಬಗೆಯ ಮಂಗಟ್ಟೆಗಳು ಈ ಒಂದೇ ಪ್ರದೇಶದಲ್ಲಿವೆ. 2011ರಲ್ಲಿ ಇವಕ್ಕಾಗಿಯೇ ಕಾಳಿ ದಂಡೆಯ ಕಾಡನ್ನು ಮೀಸಲು ಮಾಡಿದರು. ಇವುಗಳ ಸಂಸಾರ ನಿಮ್ಮ ಮಗಳಿಗೆ ಖಂಡಿತ ಹಿಡಿಸುತ್ತದೆ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಡುತ್ತದೆ. ಮೊಟ್ಟೆ ಇಟ್ಟು ಮರಿ ಮಾಡುವ ವಾರಗಳಲ್ಲೆಲ್ಲ ಗಂಡು ಆ ಸೀಳಿನಿಂದ ಹಣ್ಣು ತಂದು ಕೊಡುತ್ತಾ ಇರುತ್ತದೆ. ಗಂಡಿಗೆ ಏನಾದರೂ ಆದರೆ ಒಳಗಿನ ಜೀವಗಳೂ ಕಷ್ಟಕ್ಕೆ ಬೀಳುತ್ತವೆ. ಹಳೆಯ ದೊಡ್ಡ ಮರ ಬಿದ್ದರೆ ಗೂಡೇ ಇಲ್ಲ. ತಿಂದ ಹಣ್ಣಿನ ಬೀಜವನ್ನು ಕಾಡಿಗೆಲ್ಲ ಹಂಚುವುದೂ ಇದೇ ಹಕ್ಕಿ. ದಾಂಡೇಲಿ ಪಟ್ಟಣದ ಮರದ ಡಿಪೋ ಸುತ್ತ ಮುಂಜಾನೆ ಇವು ಗುಂಪಾಗಿ ಕಾಣುತ್ತವೆ. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ನೋಡುವ ಮೊದಲೇ ಕೇಳುತ್ತದೆ. ಸಾಧ್ಯ ಆದರೆ ಒಂದು ಬೈನಾಕ್ಯುಲರ್ ತಗೊಂಡು ಹೋಗಿ. ರೆಸಾರ್ಟಿನ ಈಜುಕೊಳಕ್ಕೆ ಹಾಕುವ ದುಡ್ಡಿಗಿಂತ ಅದು ಸಾರ್ಥಕ.

ಸಫಾರಿ ಅರಣ್ಯ ಇಲಾಖೆಯದ್ದೇ ತಗೊಳ್ಳಿ, ಬೆಳಗಿನ ಸರದಿ ಒಳ್ಳೆಯದು. ಮುಂಚೆ ಬುಕ್ ಮಾಡಿ. ಜೀಪಿನಲ್ಲಿ ಕುಲುಕಾಟ ಇರುತ್ತದೆ. ಬೆನ್ನುನೋವು ಇದ್ದವರು ಕೂರದಿರುವುದೇ ವಾಸಿ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ, ಸೆಂಟು ಬೇಡ. ಕೋತಿಗೆ ತಿಂಡಿ ಹಾಕಬೇಡಿ.

ಕೋತಿಯ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ಉತ್ತರ ಕನ್ನಡದ ಕಾಡುಗಳಲ್ಲಿ ಚಳಿಗಾಲ-ಬೇಸಿಗೆಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದುಂಟು. ಇದು ಉಣ್ಣೆ (ಉಣುಗು) ಎಂಬ ಸಣ್ಣ ಹುಳ ಕಚ್ಚುವುದರಿಂದ ಬರುತ್ತದೆ. ಹೆದರಬೇಕಿಲ್ಲ, ಎಚ್ಚರ ಸಾಕು. ಕಾಡಿನಲ್ಲಿ ತುಂಬು ತೋಳು, ಉದ್ದ ಪ್ಯಾಂಟು ಹಾಕಿ. ತರಗೆಲೆ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಿ. ಊರಿಗೆ ಬಂದ ಮೇಲೆ ಯಾರಿಗಾದರೂ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಇನ್ನು ರಾಫ್ಟಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿನ ನದಿ ತನ್ನಷ್ಟಕ್ಕೆ ತಾನು ಹರಿಯುವ ನದಿ ಅಲ್ಲ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ. ಎತ್ತರ 101 ಮೀಟರ್. ಅದರ ಹಿಂದೆ ದೊಡ್ಡ ಕಣಿವೆಯೇ ನೀರಲ್ಲಿ ಮುಳುಗಿದೆ. ಸೂಪಾ ಅಂತ ಊರು ಇತ್ತು, ತಾಲ್ಲೂಕಿನ ಕೇಂದ್ರವೇ ಅದಾಗಿತ್ತು. ಅದು ಮುಳುಗಿದ ಮೇಲೆ ಕಚೇರಿಗಳು ಜೋಯಿಡಾಕ್ಕೆ ಬಂದವು. ಮನೆ ಕಳೆದುಕೊಂಡ ಅನೇಕರು ಅದೇ ತಾಲ್ಲೂಕಿನ ರಾಮನಗರಕ್ಕೆ ಹೋಗಿ ನೆಲೆಸಿದರು. ನಮ್ಮೂರಲ್ಲಿ ಸ್ವಿಚ್ ಒತ್ತಿದಾಗ ಬರುವ ಕರೆಂಟಿನಲ್ಲಿ ಈ ಕಣಿವೆಯ ಪಾಲೂ ಇದೆ. ಅಣೆಕಟ್ಟಿನ ಮುಂದೆ ನಿಂತಾಗ ಇದನ್ನು ಮಕ್ಕಳಿಗೆ ಹೇಳಿ. ಅವರಿಗೆ ಅರ್ಥ ಆಗುತ್ತದೆ.

ಕರೆಂಟು ತಯಾರಿಸಲು ನೀರು ಬಿಟ್ಟಾಗ ಕೆಳಗಿನ ನದಿ ಏರುತ್ತದೆ. ಆ ನೀರಿನ ಮೇಲೆಯೇ ರಾಫ್ಟಿಂಗ್ ನಡೆಯುತ್ತದೆ. ಎಷ್ಟು ಹೊತ್ತಿಗೆ ದೋಣಿ ಹೊರಡುತ್ತದೆ ಎಂಬುದು ನೀರು ಬಿಡುವುದರ ಮೇಲೆ ನಿಂತಿದೆ. ಬೆಳಿಗ್ಗೆ ಒಣಗಿದ ಬಂಡೆ ಕಂಡ ಜಾಗದಲ್ಲಿ ಮಧ್ಯಾಹ್ನ ಸೊಂಟದ ತನಕ ನೀರು ಇರಬಹುದು. ಹಾಗಾಗಿ ಅಣೆಕಟ್ಟಿನ ಕೆಳಗೆ ಬಂಡೆಗಳ ಮೇಲೆ ಕುಳಿತು ಫೋಟೋ ತೆಗೆಯುವುದು, ಊಟಕ್ಕೆ ಕೂರುವುದು ಬೇಡವೇ ಬೇಡ. ನಮ್ಮ ಕಡೆಯ ಹಳ್ಳದಲ್ಲಿ ಮೋಡ ನೋಡಿ ನೀರು ಬರುವುದನ್ನು ಊಹಿಸುತ್ತೇವೆ. ಇಲ್ಲಿ ಆಕಾಶ ಶುಭ್ರವಾಗಿದ್ದರೂ ನೀರು ಬರುತ್ತದೆ.

ಮಗಳು ರಾಫ್ಟಿಂಗ್ ಮಾಡಬಹುದು. ಮಗನಿಗೆ ಇನ್ನೂ ಸಣ್ಣ ವಯಸ್ಸು. ಸೆಳವಿನ ಪೂರ್ತಿ ದಾರಿಗೆ ಅವನನ್ನು ಹತ್ತಿಸಬೇಡಿ. ಯಾರಾದರೂ ಹತ್ತಿಸುತ್ತೇವೆ ಅಂದರೂ ಒಪ್ಪಬೇಡಿ. ನಿಂತ ನೀರಿನಲ್ಲಿ ಸಣ್ಣ ದೋಣಿ ಓಡಿಸುವ ಜಾಗಗಳು ಅಲ್ಲೇ ಇವೆ, ಅವನಿಗೆ ಅದು ಸಾಕು. ಹತ್ತುವ ಮೊದಲು ನೀವೇ ನೋಡಬೇಕಾದ ವಿಷಯಗಳು ಇವೆ. ಲೈಫ್ ಜಾಕೆಟ್ ಮಗಳ ಮೈಗೆ ಸರಿಯಾಗಿ ಕೂತಿದೆಯಾ? ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ, ಕಿವಿ ತನಕ ಬಂದರೆ ಅದು ಸಡಿಲ. ಹೆಲ್ಮೆಟ್ ಕೊಟ್ಟಿದ್ದಾರಾ? ದೋಣಿಯಲ್ಲಿ ಜನ ಹೆಚ್ಚಾಗಿದ್ದಾರಾ? ನೀರಿಗೆ ಬಿದ್ದರೆ ಏನು ಮಾಡಬೇಕು ಅಂತ ಹೊರಡುವ ಮೊದಲು ಹೇಳಿಕೊಟ್ಟರಾ? ಇದರಲ್ಲಿ ಒಂದು ಇಲ್ಲದಿದ್ದರೂ ದುಡ್ಡು ಹೋದರೆ ಹೋಗಲಿ, ಇಳಿದು ಬನ್ನಿ.

ದಾಂಡೇಲಿಯ ಕಡೆ ನದಿ ಶಾಂತವಾಗಿ ಕಾಣುತ್ತದೆ. ಅಲ್ಲಿ ಮೊಸಳೆಗಳಿವೆ. ದಂಡೆಯಲ್ಲಿ ಬಿಸಿಲು ಕಾಯುತ್ತಾ ಮಲಗಿರುತ್ತವೆ, ದೂರದಿಂದ ನೋಡಲು ಚೆನ್ನ. ಕೈಕಾಲು ತೊಳೆಯಲು ಕೂಡ ನೀರಿಗೆ ಇಳಿಯಬೇಡಿ. ಸಿಂಥೇರಿ ಬಂಡೆಗೂ ಇದೇ ಮಾತು. ಸುಮಾರು 300 ಅಡಿ ಎತ್ತರದ ಒಂದೇ ಬಂಡೆ, ಕೆಳಗೆ ಹೊಳೆ, ಬಂಡೆಯಲ್ಲಿ ಹೆಜ್ಜೇನಿನ ಗೂಡು. ನೋಡಲೇಬೇಕಾದ ಜಾಗ. ಆದರೆ ಇಳಿಯಲು ಮೆಟ್ಟಿಲು ತುಂಬಾ ಇವೆ, ಹಿರಿಯರು ಮೇಲೇ ಇರಲಿ. ಜೋರಾಗಿ ಕೂಗಬೇಡಿ, ಸೆಂಟಿನ ವಾಸನೆಯೂ ಜೇನಿಗೆ ಆಗುವುದಿಲ್ಲ. ನೀರಿಗೆ ಇಳಿಯಬೇಡಿ. ಕವಳಾ ಗುಹೆಯನ್ನು ಈ ಸಲ ಬಿಟ್ಟುಬಿಡಿ, ಬಾಗಿ ತೆವಳಿ ಹೋಗುವ ಜಾಗ ಅದು.

ಮೂರನೆಯ ದಿನ ಬೆಳಿಗ್ಗೆ ಬೇಗ ಹೊರಟು ಉಳವಿಗೆ ಹೋಗಿ. ನೀವು ಪ್ರಶ್ನೆಯಲ್ಲಿ ಉಳವಿಯ ಹೆಸರು ಬರೆದಿಲ್ಲ. ಗದಗದ ಮನೆಯವರು ಈ ಕಾಡಿಗೆ ಬಂದು ಉಳವಿ ನೋಡದೆ ಹೋದರೆ ಪ್ರವಾಸ ಅರ್ಧ ಅಂತಲೇ ನನ್ನ ಅಭಿಪ್ರಾಯ. ನಿಮ್ಮ ಅಪ್ಪ-ಅಮ್ಮನಿಗೆ ಗೊತ್ತೇ ಇರುತ್ತದೆ, ಅವರನ್ನೇ ಕೇಳಿ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆ ಆದ ಮೇಲೆ ಶರಣರು ವಚನದ ಕಟ್ಟುಗಳನ್ನು ಉಳಿಸಿಕೊಳ್ಳಲು ಈ ಕಾಡಿನ ಕಡೆ ಬಂದರು ಎಂಬುದು ನಂಬಿಕೆ. ಚನ್ನಬಸವಣ್ಣನವರು ಇಲ್ಲೇ ಐಕ್ಯರಾದರು. ಅಕ್ಕನಾಗಮ್ಮನ ಹೆಸರಿನ ಗವಿ ಇಲ್ಲಿದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆ. ಧಾರವಾಡ, ಬೆಳಗಾವಿ, ಗದಗ, ಹಾವೇರಿ ಕಡೆಯ ರೈತರು ಎತ್ತುಗಳನ್ನು ಸಿಂಗರಿಸಿ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ಬರುತ್ತಾರೆ. ದಾರಿಯಲ್ಲೇ ರೊಟ್ಟಿ ಬುತ್ತಿ, ದಾರಿಯಲ್ಲೇ ವಸ್ತಿ. ಈಗ ಟ್ರ್ಯಾಕ್ಟರ್, ಕಾರು ಬಂದಿವೆ. ಆದರೂ ಚಕ್ಕಡಿಗಳು ನಿಂತಿಲ್ಲ.

ಹುಲಿ ಸಂರಕ್ಷಿತ ಕಾಡು ಅಂದರೆ ಜನರೇ ಇಲ್ಲದ ಜಾಗ ಅಂತ ನಾವು ತಿಳಿಯುತ್ತೇವೆ ಅಲ್ವಾ? ಉಳವಿಯ ದಾರಿ ಅದಕ್ಕೆ ಉತ್ತರ. ನಮ್ಮ ಬಯಲಿನ ಜನ ತಲೆಮಾರುಗಳಿಂದ ಈ ಕಾಡನ್ನು ದಾಟಿಕೊಂಡು ಬಂದಿದ್ದಾರೆ. ಕಾಡಿನೊಳಗೇ ಬದುಕುವ ಜನರೂ ಇದ್ದಾರೆ. ಜೋಯಿಡಾದ ಕುಣಬಿಗಳು ಬೆಳೆಸುವ ಗಡ್ಡೆ-ಗೆಣಸಿನ ಬಗೆಗಳನ್ನು ನೋಡಿದರೆ ಬೆರಗಾಗುತ್ತದೆ. ಚಳಿಗಾಲದಲ್ಲಿ ಜೋಯಿಡಾದಲ್ಲಿ ಗಡ್ಡೆ-ಗೆಣಸು ಮೇಳ ಮಾಡುತ್ತಾರೆ. ನಿಮ್ಮ ದಿನಗಳಿಗೆ ಅದು ಕೂಡಿಬಂದರೆ ಬಿಡಬೇಡಿ. ಹಳಿಯಾಳ, ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿಗಳು, ದನ-ಎಮ್ಮೆ ಸಾಕುವ ಗೌಳಿಗರು ಇದ್ದಾರೆ. ಅವರ ಫೋಟೋ ತೆಗೆಯುವ ಮೊದಲು ಕೇಳಿ.

ಜಾತ್ರೆಯ ದಿನಗಳಲ್ಲಿ ಈ ದಾರಿಯಲ್ಲಿ ಜನಜಂಗುಳಿ. ಜಾತ್ರೆಗೇ ಹೋಗುವುದಿದ್ದರೆ ಸರಿ, ಪ್ರವಾಸಕ್ಕಾದರೆ ಆ ವಾರ ಬಿಟ್ಟು ಹೋಗಿ. ಮಾಮೂಲಿ ದಿನಗಳಲ್ಲಿ ಉಳವಿಯಲ್ಲಿ ದಾಸೋಹದ ಊಟ ಮಾಡಿ ಹೊರಡಬಹುದು. ಪೆಟ್ರೋಲ್, ದುಡ್ಡು, ಔಷಧಿ ಎಲ್ಲ ದಾಂಡೇಲಿಯಲ್ಲೇ ನೋಡಿಕೊಳ್ಳಿ. ಮುಂದೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.

ಉಳವಿಯಿಂದ ಕುಂಬಾರವಾಡಕ್ಕೆ ವಾಪಸ್ ಬಂದು ಅಣಶಿ ಘಟ್ಟ ಇಳಿಯಿರಿ. ಕಾಡು ಇನ್ನೂ ದಟ್ಟ ಆಗುತ್ತದೆ, ಗಾಳಿ ತಂಪಾಗುತ್ತದೆ, ಆಮೇಲೆ ಇಳಿಯುತ್ತಾ ಹೋದ ಹಾಗೆ ಮೈಗೆ ಅಂಟುವ ಸೆಕೆ ಶುರು. ತಿರುವುಗಳು ಬಿಗಿ. ಬೆಳಕಿದ್ದಾಗಲೇ ಇಳಿಯಬೇಕು, ಮಧ್ಯದಲ್ಲಿ ನಿಲ್ಲಿಸಿ ಕಾಡಿನೊಳಗೆ ನಡೆಯಬಾರದು. ಮಗನಿಗೆ ವಾಂತಿ ಬರುವ ಅಭ್ಯಾಸ ಇದ್ದರೆ ಉಳವಿಯಲ್ಲಿ ಕಡಿಮೆ ಊಟ ಮಾಡಿಸಿ. ಘಟ್ಟದ ಬುಡದಲ್ಲಿ ಕದ್ರಾ ಅಣೆಕಟ್ಟು ಸಿಗುತ್ತದೆ. ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ತಂಪು ನೀರು ಹೋಗುವುದು ಇದೇ ಜಲಾಶಯದಿಂದ. ದಾಂಡೇಲಿಯಲ್ಲಿ ನೋಡಿದ ನದಿ ಇಲ್ಲಿ ಮತ್ತೆ ಜೊತೆಯಾಗುತ್ತದೆ. ಕಾರವಾರದ ತನಕ ಅದರ ಪಕ್ಕದಲ್ಲೇ ನಿಮ್ಮ ದಾರಿ.

ಕಾರವಾರದಲ್ಲಿ ನದಿ ಅಗಲವಾಗಿ ಸಮುದ್ರಕ್ಕೆ ಸೇರುತ್ತದೆ. ಉಪ್ಪು ನೀರೂ ಸಿಹಿ ನೀರೂ ಕೂಡುವ ಈ ಜಾಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಾಡಿದೆ. ಬೇರು ನೀರಿನಿಂದ ಮೇಲಕ್ಕೆ ಎದ್ದು ಉಸಿರಾಡುತ್ತದೆ. ಮೀನು, ಸಿಗಡಿ ಮರಿಗಳಿಗೆ ಇದೇ ತೊಟ್ಟಿಲು. ಇದರ ನಡುವೆ ನಡೆದು ನೋಡಲು ಮರದ ಹಾದಿ ಮಾಡಿದ್ದಾರೆ, ಹಿರಿಯರೂ ನಡೆಯಬಹುದು. ಸಮತಟ್ಟು ಜಾಗ.

1883ರ ಸುಮಾರಿಗೆ ರವೀಂದ್ರನಾಥ ಠಾಗೋರ್ ಕಾರವಾರಕ್ಕೆ ಬಂದಿದ್ದರು. ಆಗ ಅವರು ಇಪ್ಪತ್ತರ ಆಚೀಚಿನ ತರುಣ. ಅಣ್ಣ ಸತ್ಯೇಂದ್ರನಾಥ ಠಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐಸಿಎಸ್ ಪಾಸಾದ ಮೊದಲ ಭಾರತೀಯ ಅವರು. ತಮ್ಮ ರವೀಂದ್ರನಾಥರು ಇಲ್ಲಿದ್ದಾಗ ಒಂದು ಪದ್ಯನಾಟಕ ಬರೆದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿದ್ದನ್ನು ನೆನಪಿನ ಬರಹದಲ್ಲಿ ಹೇಳಿಕೊಂಡಿದ್ದಾರೆ. ಊರಿನ ಕಡಲತೀರಕ್ಕೆ ಈಗ ಅವರದ್ದೇ ಹೆಸರು. ಅದೇ ತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ನಿವೃತ್ತ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಮಗನಿಗೆ ರಾಫ್ಟಿಂಗ್ ತಪ್ಪಿದ ಬೇಸರ ಅಲ್ಲಿ ಹೋಗುತ್ತದೆ.

ಕೋಟೆ ಕೇಳಿದ್ದೀರಿ. ನದಿಯ ಆಚೆ ದಡದ ಗುಡ್ಡದ ಮೇಲೆ ಸದಾಶಿವಗಡ. ಸೋದೆಯ ಅರಸ ಕಟ್ಟಿಸಿ ತಂದೆಯ ಹೆಸರಿಟ್ಟ ಕೋಟೆ ಇದು. ಮೇಲೆ ದುರ್ಗಾದೇವಿಯ ಗುಡಿ ಇದೆ, ಹತ್ತಿರದಲ್ಲೇ ದರ್ಗಾ ಇದೆ. ಆದರೆ ಚಿತ್ರದುರ್ಗದ ಹಾಗೆ ಗೋಡೆ ಮೇಲೆ ಗೋಡೆ ಇರುತ್ತದೆ ಅಂದುಕೊಂಡರೆ ನಿರಾಸೆ ಆಗುತ್ತದೆ. ಉಳಿದಿರುವುದು ಕಡಿಮೆ. ಅಲ್ಲಿಗೆ ಹತ್ತಬೇಕಾದ್ದು ಕೋಟೆ ಯಾಕೆ ಅಲ್ಲೇ ಕಟ್ಟಿದರು ಎಂದು ಕಣ್ಣಾರೆ ತಿಳಿಯಲು. ಒಂದು ಕಡೆ ನದಿಯ ಬಾಯಿ, ಇನ್ನೊಂದು ಕಡೆ ಸಮುದ್ರ, ಮುಂದೆ ದ್ವೀಪಗಳು. ಘಟ್ಟದ ಮೇಲಿನಿಂದ ಬರುವ ಸರಕೆಲ್ಲ ಈ ಬಾಯಿಯಿಂದಲೇ ಹೊರಗೆ ಹೋಗಬೇಕಿತ್ತು. ಗುಡ್ಡ ಹಿಡಿದವನಿಗೆ ವ್ಯಾಪಾರವೂ ಸಿಕ್ಕಿತು. ಸಂಜೆ ಹೋಗಿ.

ಕರಾವಳಿಯ ಆಚೆ ಅಂಜುದೀವ ದ್ವೀಪ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. 1961ರ ಡಿಸೆಂಬರ್‌ನಲ್ಲಿ ನಮ್ಮ ನೌಕಾಪಡೆ ಅದನ್ನು ಬಿಡಿಸಿಕೊಂಡಿತು. ಈಗ ಅದು ನೌಕಾಪಡೆಯ ಕೈಯಲ್ಲಿದೆ, ನಮಗೆ ಪ್ರವೇಶ ಇಲ್ಲ. ಕರೆದುಕೊಂಡು ಹೋಗುತ್ತೇವೆ ಅನ್ನುವ ದೋಣಿಯವರನ್ನು ನಂಬಬೇಡಿ. ನೌಕಾನೆಲೆಯ ಫೋಟೋ ತೆಗೆಯುವುದೂ ತಪ್ಪು.

ಕೂರ್ಮಗಡ ದ್ವೀಪದ ವಿಷಯ ಹೇಳಲೇಬೇಕು. ಅಲ್ಲಿ ನರಸಿಂಹ ದೇವರ ಜಾತ್ರೆ ಜನವರಿಯ ಹೊತ್ತಿಗೆ ನಡೆಯುತ್ತದೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುವಾಗ ದೋಣಿ ಮುಳುಗಿತು. 16 ಜನ ತೀರಿಕೊಂಡರು. ಅದರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದವರೂ ಇದ್ದರು, ಮಕ್ಕಳೂ ಇದ್ದರು. ಅವರು ನಮ್ಮ ಹಾಗೆಯೇ ಬಯಲಿನಿಂದ ಸಮುದ್ರ ನೋಡಲು ಬಂದವರು. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ದೋಣಿ ಹತ್ತಿ, ಖಂಡಿತ ಹತ್ತಿ. ಆದರೆ ಆರೂ ಜನಕ್ಕೆ ಲೈಫ್ ಜಾಕೆಟ್ ಇದ್ದರೆ ಮಾತ್ರ, ಕಾಲ ಬುಡದಲ್ಲಿ ಇಟ್ಟುಕೊಳ್ಳದೆ ಮೈಮೇಲೆ ಹಾಕಿಕೊಂಡರೆ ಮಾತ್ರ. ಜನ ತುಂಬಿದ ದೋಣಿ ಹೋಗಲಿ, ಮುಂದಿನದು ಬರುತ್ತದೆ. ಗಾಳಿ ಎದ್ದಿದ್ದರೆ ಹತ್ತಬೇಡಿ. ಸಮುದ್ರದಲ್ಲಿ ಫೋಟೋಗಾಗಿ ಎಲ್ಲರೂ ಒಂದೇ ಕಡೆ ಎದ್ದು ನಿಲ್ಲಬೇಡಿ. ಅಪ್ಪ-ಅಮ್ಮನಿಗೆ ದೋಣಿ ಹತ್ತಿ ಇಳಿಯುವುದು ಕಷ್ಟ ಆದರೆ ನದಿಯ ಒಳಭಾಗದ ದೋಣಿವಿಹಾರ ಸಾಕು, ಅಲ್ಲಿ ಅಲೆ ಕಡಿಮೆ.

ಬೀಚಿನಲ್ಲಿ ಮಕ್ಕಳು ಮೊಣಕಾಲು ಮಟ್ಟ ದಾಟಬಾರದು. ಒಬ್ಬ ದೊಡ್ಡವರು ಬರೀ ಅವರನ್ನೇ ನೋಡುತ್ತಾ ನಿಲ್ಲಬೇಕು, ಫೋನ್ ಕೈಯಲ್ಲಿ ಇರಬಾರದು. ನದಿ ಸಮುದ್ರ ಸೇರುವ ಬಾಯಿಯ ಹತ್ತಿರ ಸೆಳವು ಜಾಸ್ತಿ, ಅಲ್ಲಿ ನೀರಿಗೆ ಇಳಿಯಲೇಬೇಡಿ. ಜನವರಿಯಿಂದ ಮಾರ್ಚ್ ನಡುವೆ ಹೋದರೆ ದೇವಬಾಗದ ಕಡೆಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುವ ಕಾಲ. ಬಲೆ ಕಟ್ಟಿ ಕಾದ ಗೂಡು ಕಂಡರೆ ದೂರದಿಂದ ನೋಡಿ. ರಾತ್ರಿ ಮರಳಿನ ಮೇಲೆ ಟಾರ್ಚ್ ಬೆಳಕು ಬಿಡಬೇಡಿ, ಮರಿಗಳು ದಾರಿ ತಪ್ಪುತ್ತವೆ.

ನಾಲ್ಕನೆಯ ದಿನ ವಾಪಸ್. ಮಕ್ಕಳಿಗೆ ಗೋಡೆ, ಬುರುಜು, ಬಾವಿ ಇರುವ ನಿಜವಾದ ಕೋಟೆ ಬೇಕೇ ಬೇಕು ಅಂದರೆ ಬೆಳಿಗ್ಗೆ ಬೇಗ ಹೊರಟು ಅಂಕೋಲಾ ದಾಟಿ ಮಿರ್ಜಾನಕ್ಕೆ ಹೋಗಿ. ಹೆದ್ದಾರಿಯ ಹತ್ತಿರವೇ ಇದೆ, ಹಿರಿಯರೂ ಒಳಗೆ ಓಡಾಡಬಹುದು. ಕೆಂಪು ಕಲ್ಲಿನ ಕೋಟೆ, ಮಳೆಗಾಲದ ಪಾಚಿ ಚಳಿಗಾಲದಲ್ಲೂ ಉಳಿದಿರುತ್ತದೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. 1552ರಿಂದ 1606ರವರೆಗೆ ಆಳಿದ ರಾಣಿ ಅವಳು. ನಿಮ್ಮ ಮಗಳಿಗೆ ಅವಳ ಕತೆ ಹೇಳಿ.

ಮಿರ್ಜಾನದಿಂದ ಅಂಕೋಲಾಕ್ಕೆ ಬಂದು ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿಯ ದಾರಿ ಹಿಡಿಯಿರಿ. ಅಂಕೋಲಾ 1930ರ ಉಪ್ಪಿನ ಸತ್ಯಾಗ್ರಹದ ಊರು. ಕರ್ನಾಟಕದಲ್ಲಿ ಉಪ್ಪಿನ ಕಾನೂನು ಮುರಿಯಲು ಜನ ಸೇರಿದ್ದು ಇಲ್ಲಿ. ಅದೇ ವರ್ಷ ಗಾಂಧೀಜಿಯ ಜೊತೆ ದಂಡಿಗೆ ನಡೆದ ತಂಡದಲ್ಲಿದ್ದ ಕನ್ನಡಿಗ ನಮ್ಮ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ.

ಮುಂದೆ ಅರಬೈಲ್ ಘಟ್ಟ. ಈ ದಾರಿಗೂ ಗದಗಿಗೂ ಹಳೆಯ ನಂಟು ಇದೆ. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೇ ಹೋಯಿತು. ಅವರ ಕಣ್ಣು ಧಾರವಾಡ, ಗದಗ, ಹುಬ್ಬಳ್ಳಿಯ ಎರೆಹೊಲದ ಮೇಲೆ ಬಿತ್ತು. ಹತ್ತಿ ಇತ್ತು, ಹಡಗಿನ ತನಕ ಒಯ್ಯುವ ದಾರಿ ಸರಿ ಇರಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕವೂ ಇತ್ತು. ಘಟ್ಟದ ದಾರಿಗಳನ್ನು ಬಂಡಿ ಇಳಿಯುವ ಹಾಗೆ ಸರಿ ಮಾಡಿದರು. ನಮ್ಮ ಹಿರಿಯರ ಹತ್ತಿ ಬಂಡಿಗಳು ಘಟ್ಟ ಇಳಿದು ಕುಮಟಾ, ಕಾರವಾರದ ಬಂದರಿಗೆ ಹೋದವು. ನಮ್ಮ ಹೊಲದ ದೇಸಿ ಹತ್ತಿಗೆ ಹೊರದೇಶದ ಪೇಟೆಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರಾಯಿತು. ನಿಮ್ಮ ತಂದೆಗೆ ಜಯಧರ್ ಹತ್ತಿ ಗೊತ್ತಿರಬಹುದು. ಅದು ಆ ಕುಮಟಾ ಹತ್ತಿಯ ವಂಶದ್ದೇ. ಆಮೇಲೆ 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂತು, ಹತ್ತಿ ಆ ಕಡೆ ತಿರುಗಿತು. ಕಾರವಾರದ ಬಂದರಿನ ಸದ್ದು ಕಡಿಮೆಯಾಯಿತು.

ಈ ಘಟ್ಟದಲ್ಲಿ ಲಾರಿಗಳ ಓಡಾಟ ಜಾಸ್ತಿ. ಕತ್ತಲಾಗುವ ಮೊದಲು ಯಲ್ಲಾಪುರ ಮುಟ್ಟುವ ಹಾಗೆ ಅಂಕೋಲಾದಿಂದ ಮಧ್ಯಾಹ್ನ ಎರಡರ ಒಳಗೆ ಹೊರಡಿ. ರಾತ್ರಿ ಊಟದ ಹೊತ್ತಿಗೆ ಗದಗ ಸೇರುತ್ತೀರಿ.

ಬುಕಿಂಗ್ ಮಾಡುವಾಗ ಮೊದಲು ಕಾಡಿನ ಎರಡು ರಾತ್ರಿಯ ಜಾಗ, ಆಮೇಲೆ ಸಫಾರಿ, ಕೊನೆಗೆ ಕಾರವಾರದ ಕೋಣೆ. ಕಾಡಿನ ಜಾಗ ಶನಿವಾರ-ಭಾನುವಾರಕ್ಕೆ ಬೇಗ ತುಂಬುತ್ತದೆ. ಸೋಮವಾರದಿಂದ ಗುರುವಾರದ ತನಕ ಇಟ್ಟುಕೊಂಡರೆ ಜನವೂ ಕಡಿಮೆ, ಹಕ್ಕಿಯೂ ಜಾಸ್ತಿ ಕಾಣುತ್ತದೆ. ರಾಫ್ಟಿಂಗ್‌ಗೆ ಮಾತ್ರ ಮುಂಚೆ ಪೂರ್ತಿ ದುಡ್ಡು ಕಟ್ಟಬೇಡಿ. ಹಿಂದಿನ ದಿನ ಗಣೇಶಗುಡಿಯಲ್ಲಿ ನೀರು ಬಿಡುತ್ತಾರಾ ಅಂತ ವಿಚಾರಿಸಿ, ದೋಣಿಯನ್ನೂ ಜಾಕೆಟ್ಟನ್ನೂ ಕಣ್ಣಲ್ಲಿ ನೋಡಿ, ಆಮೇಲೆ ಕಟ್ಟಿ.